ನಡುಬೀದಿ

ಲೀಡ್ಸ್, ನವೆಂಬರ್, ಎಪ್ಪತ್ತೇಳು.
ಆಸ್ಪತ್ರೆಯ ಗೇಟಿಗೆ ಪೊಲೀಸರ ಚೀಟಿ:
ಕತ್ತಲಾದ ಮೇಲೆ ಹೆಂಗಸರು ಒಬ್ಬರೇ ಹೊರಬರಬೇಡಿ.
ನನಗೆ ನಗು ಬಂತು. ಇಷ್ಟನ್ನು ಹೇಳಲು
ಅಷ್ಟು ದೊಡ್ಡ ಸರ್ಕಾರ, ಅಷ್ಟೊಂದು ಅಚ್ಚಿನ ಮಸಿ ಬೇಕಿತ್ತೆ?
ನಮ್ಮಜ್ಜಿ ಬಿಟ್ಟಿಯಾಗಿ ಹೇಳುತ್ತಿದ್ದಳು,
ಕಸಬರಿಗೆಯ ಹಿಡಿ ನೆಲಕ್ಕೆ ಕುಟ್ಟುತ್ತ.

"ಹಾಗಾದರೆ ರಾತ್ರಿಪಾಳಿ?" ಕೇಳಿದಳು ಎನಿಡ್ ಥ್ಯಾಕ್ರೆ,
ಆರನೇ ವಾರ್ಡಿನ ಆಯಾ, ಒರಟು ಬಾಯಿ.
"ಗಂಡನ ಜೊತೆ ಬನ್ನಿ" ಅಂದ ಕಾನ್‌ಸ್ಟೇಬಲ್ ಹುಡುಗ,
ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ.
"ಮಣ್ಣು ಮಾಡಿ ನಾಲ್ಕು ವರ್ಷವಾಯಿತು ಮಗೂ,
ಅಗೆದು ತರಲಾ?"

ಪತ್ರಿಕೆಗಳು ಸತ್ತವರನ್ನು
ಅಕ್ಕಿ ಆರಿಸಿದ ಹಾಗೆ ಆರಿಸಿ ಇಟ್ಟಿದ್ದವು:
ಇತ್ತ ಪಾಪ ಅನಿಸುವವರು, ಅತ್ತ ಪಾಪ ಮಾಡಿದವರು.
ನಾನು ಶವಾಗಾರಕ್ಕೆ ಟ್ರಾಲಿ ತಳ್ಳಿದವಳು, ಹೇಳುತ್ತೇನೆ:
ಹೊದಿಸುವ ಬಿಳಿ ಬಟ್ಟೆ ಒಂದೇ ಅಳತೆ,
ಕಾಲ ಹೆಬ್ಬೆರಳಿಗೆ ಕಟ್ಟುವ ಚೀಟಿಯೂ.
'ಅಂಥವಳು' ಒಬ್ಬಳ ಉಗುರಿಗೆ ಕೆಂಪು ಬಣ್ಣ,
ಚರ್ಮದ ಮೇಲೆಲ್ಲ ಹರಿದಿತ್ತು.
ಮಗಳು ಹಚ್ಚಿದ್ದಿರಬೇಕು.

ಹನ್ನೆರಡು, ಶನಿವಾರ. ಚಾಪೆಲ್‌ಟೌನಿನಿಂದ ಹೊರಟೆವು.
ಜಾಮ್ ಬಾಟಲಿಗಳಲ್ಲಿ ಮೇಣದಬತ್ತಿ,
ನನ್ನದರಲ್ಲಿ ಇನ್ನೂ ಕಿತ್ತಳೆ ಸಿಪ್ಪೆಯ ವಾಸನೆ.
ಕಾಲೇಜಿನ ಹುಡುಗಿಯರು ಘೋಷಣೆ ಕಲಿತು ಬಂದಿದ್ದರು.
ನನಗೆ ಕೂಗಲು ಬರಲಿಲ್ಲ,
ಬಾಯಿ ತೆರೆದರೆ ಬರೀ ಹಬೆ.

ವೆರೋನಾ ಲಿಬರ್ಡ್ ಬಾಗಿಲಲ್ಲೇ ನಿಂತಿದ್ದಳು, ಬರಲಿಲ್ಲ.
"ಇವತ್ತು ನಿಮ್ಮ ಹಿಂದೆ ಪೊಲೀಸು, ಕಾವಲಿಗೆ.
ನಾಳೆ ನನ್ನ ಮಗನ ಹಿಂದೆ, ಜೇಬು ತಡಕಲಿಕ್ಕೆ.
ನೀವು ನಡೆದು ಹೋಗುತ್ತೀರಿ. ನಾನು ಇಲ್ಲೇ ಇರುತ್ತೇನೆ."
ಅಷ್ಟು ಅಂದು, ಗಾಳಿಗೆ ಆರಿದ್ದ ನನ್ನ ಬತ್ತಿಗೆ
ಬೆಂಕಿಕಡ್ಡಿ ಗೀರಿ, ಅಂಗೈ ಮರೆಮಾಡಿ ಹಚ್ಚಿಕೊಟ್ಟಳು.
ಉತ್ತರ ನನ್ನಲ್ಲಿ ಇರಲಿಲ್ಲ. ಇವತ್ತಿಗೂ ಇಲ್ಲ.

ಹನ್ನೊಂದು ವರ್ಷ ಈ ಊರಲ್ಲಿ ಗೋಡೆಗಂಟಿ ನಡೆದವಳು,
ದೀಪದ ಕಂಬದಿಂದ ದೀಪದ ಕಂಬಕ್ಕೆ
ಹೊಳೆಯಲ್ಲಿ ಕಲ್ಲಿಂದ ಕಲ್ಲಿಗೆ ಜಿಗಿಯುವಂತೆ.
ಅವತ್ತು ಮೊದಲ ಸಲ ಕಾಲ ಕೆಳಗೆ
ನಟ್ಟನಡುವಿನ ಬಿಳಿ ಗೆರೆ.
ಇಷ್ಟು ಅಗಲ ಅಂತ ಗೊತ್ತಿರಲಿಲ್ಲ, ರಸ್ತೆ.

ನನ್ನ ಭಾಷೆಯಲ್ಲಿ ಬೀದಿಗೆ ಬಿದ್ದವಳು ಅಂದರೆ ಮುಗಿಯಿತು,
ಅವಳ ಕಥೆ ಅಲ್ಲಿಗೆ.
ಬೀದಿಗೆ ಇಳಿದವಳು ಅಂದರೆ ಬೇರೆ.
ಬೀಳುವುದಕ್ಕೂ ಇಳಿಯುವುದಕ್ಕೂ ನಡುವೆ ಮೆಟ್ಟಿಲೆಷ್ಟು?
ಎಣಿಸಲಾಗಲಿಲ್ಲ, ಎನಿಡ್ ತೋಳು ಹಿಡಿದು ಎಳೆಯುತ್ತಿದ್ದಳು.

ಪಬ್ಬಿನ ಬಾಗಿಲಲ್ಲಿ ಗ್ಲಾಸು ಹಿಡಿದ ಗಂಡಸರು:
"ನಿಮ್ಮನ್ನು ಯಾರು ಮುಟ್ಟುತ್ತಾರೆ ಬಿಡಿ!"
ಮುದುಕನೊಬ್ಬ ಮಾತ್ರ ಟೋಪಿ ತೆಗೆದ.
ಹೆಣದ ಮೆರವಣಿಗೆ ಅಂದುಕೊಂಡನೋ ಏನೋ.
ಹಾಗೆ ನೋಡಿದರೆ, ಹೌದು.

ಸಿಟಿ ಸ್ಕ್ವೇರಿನಲ್ಲಿ ಕಂಚಿನ ಎಂಟು ಹೆಂಗಸರು,
ಮೈಮೇಲೆ ನೂಲೆಳೆಯಿಲ್ಲ, ಕೈಯೆತ್ತಿ ಬೆಳಕು ಹಿಡಿದ
ದೀಪದ ಮಲ್ಲಿಯರು. ಎಷ್ಟೋ ಕಾಲದಿಂದ
ರಾತ್ರಿಯೆಲ್ಲ ಹೊರಗೇ.
ಅವರ ಕಂಬಕ್ಕೆ ಯಾರೂ ಚೀಟಿ ಅಂಟಿಸಿರಲಿಲ್ಲ.
ಎನಿಡ್ ತನ್ನ ಸ್ಕಾರ್ಫು ಬಿಚ್ಚಿ
ಕೈಗೆಟುಕಿದವಳ ಸೊಂಟಕ್ಕೆ ಸುತ್ತಿದಳು,
"ಥಂಡಿ ಕಣೇ" ಅಂದಳು.

ಅವನು ಸಿಕ್ಕಿಬೀಳಲು ಇನ್ನೂ ಮೂರು ವರ್ಷ.
ಟ್ರಾಲಿಯ ಒಂದು ಚಕ್ರ ಕಿರುಗುಡುವುದನ್ನು
ನಾನು ಮತ್ತೆ ಕೇಳಿದ್ದೇನೆ.

ಆ ಸೋಮವಾರ ಪಾಳಿ ಮುಗಿಸಿ, ನಸುಕು, ಮಂಜು,
ಒಬ್ಬಳೇ ಬಿಳಿ ಗೆರೆಯ ಮೇಲೆ ನಡೆದೆ.
ಹೊಟ್ಟೆಯಲ್ಲಿ ಭಯ ಇದ್ದ ಹಾಗೇ ಇತ್ತು.
ಹಾಲಿನ ಗಾಡಿ ಬಂತು, ಬಾಟಲಿಗಳ ಕಿಣಿಕಿಣಿ.
ಸರಿದು ದಾರಿ ಕೊಟ್ಟೆ.
ಅದು ತಿರುವು ದಾಟಿದ ಮೇಲೆ
ಮತ್ತೆ ನಡುವಿಗೆ ಬಂದೆ.